ಮರೆವ್ವನ ಕೈಗೆ ಒಗ್ಗಿದ ಬಿಜಲಿ

ದುಮ್ಮವಾಡದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರೆರೆಯಲು ಮರೆವ್ವನಿಗೇ ಕರೆ ಹೋಗುತ್ತಿತ್ತು. ಬಚ್ಚಲಲ್ಲಿ ಕಾಲು ನೀಡಿ ಕೂತು, ಎಣ್ಣೆ ಹಚ್ಚಿದ ಅಂಗೈಯನ್ನು ಒಲೆಯ ಕಾವಿಗೆ ಹಿಡಿದು, ಮೊದಲು ಕೂಸಿನ ಕೂಡ ನಾಲ್ಕು ಮಾತಾಡಿ ಆಮೇಲೆ ಮುಟ್ಟುವವಳು ಅವಳು. ತಮ್ಮನ ಮಗ ಹುಲಿಗೇಶನನ್ನೂ ಹಾಗೆಯೇ ಎರೆದು ಬೆಳೆಸಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲದ ಅವಳಿಗೆ ಅವನೇ ಮಗ.

ಆ ಹುಲಿಗೇಶ ಒಂದು ಮುಂಜಾನೆ ಹಗ್ಗ ಹಿಡಿದು ನಾಯಿಯೊಂದನ್ನು ಕರೆತಂದ. ಗ್ರೇಹೌಂಡ್ ಜಾತಿಯ ಹೆಣ್ಣು ನಾಯಿ. ಬೂದು ಮೈ, ಉದ್ದ ಮೂತಿ, ಬೆನ್ನಿಗೆ ಅಂಟಿದಂಥ ಹೊಟ್ಟೆ. ಊರೂರಿನ ನಾಯಿ ಓಟಗಳಲ್ಲಿ ಓಡಿಸಿದ್ದು.

"ಹಿಂದಿನ ಕಾಲು ಸೋತಾವ ಅತ್ತಿ, ಇನ್ನ ಬಿಜಲಿ ಓಡಂಗಿಲ್ಲ. ಎಲ್ಲ್ಯರ ಬಿಟ್ಟ ಬರಾಕ ಮನಸ್ಸ ಆಗಲಿಲ್ಲ. ನಿನ್ನ ಕಡೆ ಇರ್ಲಿ."

"ನನಗ್ಯಾಕಲೇ ನಾಯಿ? ನನಗೊಬ್ಬಾಕಿಗೆ ರೊಟ್ಟಿ ಬಡಿಯೂದ ಬ್ಯಾಸರಕಿ."

"ಎಂಥಾ ಹಟಮಾರಿ ಕೂಸೂ ನಿನ್ನ ಕೈಯಾಗ ಸುಮ್ನಾಗತೈತಿ. ಇದಕ್ಕ ಮೈ ಮುಟ್ಟಿದ್ರ ಆಗಂಗಿಲ್ಲ, ಅಷ್ಟ. ನೀ ನೋಡ್ಕೋ. ಇನ್ನ ಇದು ನಿಂದ."

'ನಿಂದ' ಎಂದ ಮೇಲೆ ಮರೆವ್ವ ಹಗ್ಗವನ್ನು ಕೈಗೆ ತೆಗೆದುಕೊಂಡಳು.

ಮೊದಲ ದಿನವೇ ಪೆಟ್ಟು ತಿಂದಳು. ಬಿಜಲಿ ಕಟ್ಟೆಯ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿತ್ತು. ಎಚ್ಚರವಿದೆಯೆಂದು ಮರೆವ್ವ ಬೆನ್ನ ಮೇಲೆ ಕೈಯಿಟ್ಟಳು. ಅದು ಎಗರಿ ಅವಳ ಮಣಿಕಟ್ಟಿಗೆ ಬಾಯಿ ಹಾಕಿತು.

ಎದುರು ಮನೆಯ ಅಮೀರಬಿ ಮೊರ ಕೆಳಗಿಟ್ಟು ಓಡಿ ಬಂದಳು. "ಯವ್ವಾ, ನಾಯಿಗೂ ಬಾಣಂತನ ಮಾಡಾಕ ಹೊಂಟಿದ್ದೇನ ನೀನು?"

ಮರೆವ್ವ ಗಾಯಕ್ಕೆ ಅರಿಷಿಣ ಒತ್ತಿ ದೂರ ಕೂತು ನೋಡಿದಳು. ಬಿಜಲಿ ಮತ್ತೆ ಮಲಗಿತು. ಕಣ್ಣು ತೆರೆದೇ ಇತ್ತು, ಆದರೆ ನೋಟ ಎತ್ತಲೂ ಇರಲಿಲ್ಲ. ಕಾಲು ಮಾತ್ರ ಕನಸಿನಲ್ಲಿ ಓಡುತ್ತಿದ್ದವು.

"ನಿದ್ದ್ಯಾಗ ಇತ್ತ ಅಮೀರಬಿ. ಇದು ಕಣ್ಣ ತಗದ ಮಲಗತೈತಿ."

"ನಮ್ಮ ಮಾವಾನೂ ಹಂಗ ಮಲಗತಿದ್ದ. ಅಂವನ ಹತ್ರಕೂ ಯಾರೂ ಹೋಗತಿದ್ದಿಲ್ಲ!"

ಅಂದಿನಿಂದ ಮರೆವ್ವ ದನಿ ಕೊಡದೆ ಹತ್ತಿರ ಹೋಗಲಿಲ್ಲ. ತಲೆಯ ಮೇಲಿಂದ ಕೈ ಬಂದರೆ ನಾಯಿ ನೆಲಕ್ಕೆ ಕುಸಿಯುತ್ತಿತ್ತು. ಎದೆಯ ಕೆಳಗಿನಿಂದ ಮುಂಗೈ ತಂದರೆ ಮೂಸಿ ಸುಮ್ಮನಿರುತ್ತಿತ್ತು. ಟೊಂಕ ಮುಟ್ಟಿದರೆ ಮಾತ್ರ ಮೈಯೆಲ್ಲ ಕಟ್ಟಿಗೆ. ಉಸಿರು ನಿಲ್ಲುತ್ತಿತ್ತು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರುತ್ತಿತ್ತು. "ನೋಡ, ಈಗ ಎಷ್ಟ ಶಾಣ್ಯಾ ನಿಂತೈತಿ" ಎಂದು ಅಮೀರಬಿ ಹೇಳಿದಾಗ ಮರೆವ್ವ ತಲೆಯಲ್ಲಾಡಿಸಿದಳು. ಕೂಸು ಚೀರುವ ಮುಂಚೆ ಹೀಗೆಯೇ ಉಸಿರು ಹಿಡಿಯುವುದನ್ನು ಅವಳು ಬಲ್ಲಳು. ಉಸಿರು ನಿಂತ ಕೂಡಲೇ ಕೈ ತೆಗೆಯುತ್ತಿದ್ದಳು. ಮರುದಿನ ಮತ್ತೆ ಇಡುತ್ತಿದ್ದಳು, ಮತ್ತೆ ತೆಗೆಯುತ್ತಿದ್ದಳು. ಪ್ರತಿ ಸಲವೂ ಒಂದೇ ಮಾತು: "ಸುಮ್ನಿರವ್ವಾ, ಏನೂ ಆಗಂಗಿಲ್ಲ."

ಆ ಮಾತಿನ ಹಿಂದೆ ಒಮ್ಮೆಯೂ ನೋವು ಬರಲಿಲ್ಲ. ಬರಬರುತ್ತ ನಾಯಿ ಅದನ್ನು ನಂಬಿತು. ಸುಗ್ಗಿಯ ಹೊತ್ತಿಗೆ ತಾನೇ ಬಂದು ಮೈಭಾರವನ್ನೆಲ್ಲ ಅವಳ ಮೊಳಕಾಲಿಗೆ ಆನಿಸಿ ನಿಲ್ಲತೊಡಗಿತು. ಮೊದಲ ಸಲ ಬೀಳದಿರಲು ಮರೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಿದ್ದಳು. ಹಿಂದಿನ ಕಾಲಿಗೆ ದಿನಾ ಎಣ್ಣೆ ತಿಕ್ಕಿದಳು. ಎಲ್ಲಿಯೂ ಬಾವಿಲ್ಲ, ಗಂಟಿಲ್ಲ. ಹಿತ್ತಲಲ್ಲಿ ಅದು ಬಾಣದಂತೆ ಓಡಿದಾಗ ತನ್ನ ಎಣ್ಣೆಯ ಗುಣವೆಂದು ಹಿಗ್ಗಿದಳು.

ಹಬ್ಬಕ್ಕಷ್ಟೇ ಬರುತ್ತಿದ್ದ ಹುಲಿಗೇಶ ಈಗ ಸಂತೆಗೊಮ್ಮೆ ಬರುತ್ತಿದ್ದ. "ಟೊಂಕ ಹಿಡದ್ರೂ ಸುಮ್ನ ಇರತೈತೇನ ಅತ್ತಿ?" ಎಂದು ಕೇಳುತ್ತಿದ್ದ. ನಾಯಿಯ ನೆಪದಲ್ಲಾದರೂ ಹುಡುಗ ಮನೆಗೆ ಹತ್ತಿದನಲ್ಲ ಎಂದು ಮರೆವ್ವ ಅವನಿಗೆ ಬೆಣ್ಣೆ ಹಾಕಿ ರೊಟ್ಟಿ ಕೊಡುತ್ತಿದ್ದಳು.

ಒಂದು ದಿನ ಟಂಟಂ ಗಾಡಿಯಲ್ಲಿ ಮತ್ತೊಬ್ಬನನ್ನು ಕರೆದುಕೊಂಡು ಬಂದ. "ಇವರು ಕಾಶಿನಾಥ ಕಾಕಾ. ನಾಯಿ ಬಗ್ಗೆ ಭಾಳ ತಿಳದಾವ್ರು. ಬಿಜಲಿ ಕಾಲ ನೋಡ್ತಾರ."

ಕಾಶಿನಾಥ ಒಂದು ಕೈಯನ್ನು ಎದೆಗೆ ಕೊಟ್ಟು, ಇನ್ನೊಂದರಲ್ಲಿ ಟೊಂಕ ಹಿಡಿದ. ಬಿಜಲಿ ಕಟ್ಟಿಗೆಯಾಯಿತು. ಮರೆವ್ವನತ್ತ ನೋಡಿತು.

"ಸುಮ್ನಿರವ್ವಾ, ಏನೂ ಆಗಂಗಿಲ್ಲ" ಎಂದಳು ಮರೆವ್ವ.

ನಾಯಿ ಉಸಿರು ಬಿಟ್ಟಿತು.

"ಭೇಷ್ ಹುಲಿಗೇಶಾ! ಓಟದ ಗೆರೀ ಮ್ಯಾಲೂ ಹಿಂಗ ಹಿಡಿಯೂದು. ಶಿಳ್ಳಿ ಊದೂತನಾ ಇಷ್ಟ ನಿಂತ್ರ ಸಾಕು, ಇದರ ಮುಂದ ಯಾವ ನಾಯಿ ಲೆಕ್ಕ?"

ಮರೆವ್ವ ಹುಲಿಗೇಶನ ಮುಖ ನೋಡಿದಳು. "ಕಾಲು ಸೋತಾವ ಅಂದಿದ್ದಿ ಅಲ್ಲಲೇ?"

ಅವನು ಗೂಟದ ಹಗ್ಗ ಬಿಚ್ಚುತ್ತಿದ್ದ. "ಕಾಲಿಗೆ ಏನೂ ಆಗಿದ್ದಿಲ್ಲ ಅತ್ತಿ. ಹಿಡದಾವ್ರಿಗೆ ಕಚ್ಚತಿತ್ತು, ಅದಕ್ಕ ಓಟಕ್ಕ ಸೇರಸ್ತಿದ್ದಿಲ್ಲ. ಖರೇ ಹೇಳಿದ್ರ ನೀ ಪಳಗಿಸ್ತಿದ್ದೇನ?"

"ನಿಂದ ಅಂದಿದ್ದಿ."

"ಒಂದ ನಾಯಿ ಸಲುವಾಗಿ ಯಾಕ ಇಷ್ಟ ಮಾಡ್ತಿ?"

ಬಿಜಲಿ ಕಚ್ಚಿದ್ದರೆ, ಗುರ್ ಎಂದಿದ್ದರೆ ಅವಳ ಜೀವ ತಣ್ಣಗಾಗುತ್ತಿತ್ತು. ಅದು ಹಾಗೇನೂ ಮಾಡಲಿಲ್ಲ. ಟೊಂಕ ಹಿಡಿದು ಎತ್ತಿದರೂ ಸುಮ್ಮನೆ ಟಂಟಂ ಹತ್ತಿತು. ಏನೂ ಆಗುವುದಿಲ್ಲ ಎಂದು ಹೇಳಿದವಳು ಮರೆವ್ವನೇ ಅಲ್ಲವೆ? ಮೋಸ ಮಾಡಿದವನು ಹುಲಿಗೇಶ. ಆದರೆ ನಾಯಿಯ ಪಾಲಿಗೆ ಆ ಮೋಸ ಅವಳ ಬಾಯಿಂದ ಬಂದಿತ್ತು. ಮರುದಿನ ಊರಿನ ಬಾಣಂತಿ ಸುನಿತಾಳ ಕೂಸನ್ನು ಎರೆಯುವಾಗ ಮರೆವ್ವ ಎಂದಿನ ನಾಲ್ಕು ಮಾತು ಆಡದೆಯೇ ಕೈ ಹಚ್ಚಿದಳು. "ಮೈಯಾಗ ಆರಾಮಿಲ್ಲೇನ್ರಿ?" ಎಂದು ಬಾಣಂತಿ ಕೇಳಿದಳು.

ಯುಗಾದಿ ಮುಗಿದ ಮೇಲೆ ಹುಲಿಗೇಶ ಬಿಜಲಿಯನ್ನು ಮತ್ತೆ ತಂದ. ಅದರ ಪಕ್ಕೆಯ ಮೇಲೆ ಬಾರುಕೋಲಿನ ಬರೆ, ಅವನ ಅಂಗೈಗೆ ಪಟ್ಟಿ.

"ಗೆರೀ ಮ್ಯಾಲ ನಿಂದರವಲ್ದು. ಕಾಶಿನಾಥ ಕಾಕಾಗ ಕಚ್ಚೇತಿ, ನನಗೂ ಕಚ್ಚೇತಿ. ಇನ್ನೊಮ್ಮಿ ತಿದ್ದಿ ಕೊಡ ಅತ್ತಿ."

ಮರೆವ್ವ ಮುಟ್ಟಲಿಲ್ಲ. ದೂರದಲ್ಲೇ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದಳು: "ಸುಮ್ನಿರವ್ವಾ, ಏನೂ ಆಗಂಗಿಲ್ಲ."

ಆ ಮಾತು ಕಿವಿಗೆ ಬಿದ್ದದ್ದೇ ಬಿಜಲಿಯ ಮೈ ಸೆಟೆಯಿತು. ಉಸಿರು ನಿಂತಿತು. ಯಾರ ಕೈಯೂ ಅದರ ಹತ್ತಿರ ಇರಲಿಲ್ಲ.

ಮರೆವ್ವ ಮೊಳಕಾಲ ಮೇಲೆ ಕೈಯೂರಿ ಎದ್ದಳು. "ಹಗ್ಗಾ ಬಿಚ್ಚು."

"ತಿದ್ದತಿ ಹೌದಿಲ್ಲೋ?"

"ಇಲ್ಲ. ತಿದ್ದಿದ್ರ ಮತ್ತ ಒಯ್ಯಾಕ ಬರ್ತಿ. ಈಗ ಯಾರ ಕೈಗೂ ಸಿಗಂಗಿಲ್ಲ ಅದು, ನನ್ನ ಕೈಗೂ ಸಿಗಂಗಿಲ್ಲ. ಹಂಗ ಇರ್ಲಿ."

"ಮುಟ್ಟಾಕ ಬರಲಾರದ ನಾಯಿ ಇಟ್ಕೊಂಡ ಏನ ಮಾಡ್ತಿ?"

"ರೊಟ್ಟಿ ಹಾಕ್ತೇನಿ. ನೀ ನಡಿ. ನಿನಗ ಇವತ್ತ ರೊಟ್ಟಿ ಮಾಡಿಲ್ಲ."

ಅವನು ಹಗ್ಗ ಬಿಚ್ಚಿ ಗೊಣಗುತ್ತ ಹೋದ. ಮರೆವ್ವ ಪರಾತದಲ್ಲಿ ಹಾಲು ಸುರಿದು ರೊಟ್ಟಿ ಮುರಿದು ಹಾಕಿ ಅಂಗಳದ ಆ ತುದಿಗಿಟ್ಟಳು. ಹೊಸ್ತಿಲಿಗೆ ಬಂದು ಬೆನ್ನು ತಿರುಗಿಸಿ ಕೂತಳು. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಬಹಳ ಹೊತ್ತಿನ ಮೇಲೆ ನಾಯಿ ಹಾಲು ನೆಕ್ಕುವ ಸಪ್ಪಳ ಕೇಳಿತು. ಅವಳು ತಿರುಗಿ ನೋಡಲಿಲ್ಲ.