ಸಂಡಿಗೆ ಕಾಯುತ್ತಿದ್ದ ಆಂಟಿ

ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಓನರ್ ಆಂಟಿಯ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ನೀನು ಹೋಗು, ನಾನು ಕಾಯ್ತೀನಿ." ಒಲೆಯ ಮೇಲಿನ ಹಾಲಿರಲಿ, ಗ್ಯಾಸ್ ಸಿಲಿಂಡರ್ ತರುವವನಿರಲಿ, ಕಾಯುವ ಕೆಲಸ ಅವರದ್ದೇ. ಬೇಸಿಗೆಯಲ್ಲಿ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಕಾಗೆ ಬಂದರೆ ಕೋಲನ್ನು ನೆಲಕ್ಕೆ ಕುಟ್ಟಿ, ಇಡೀ ಬೀದಿಗೆ ಕೇಳುವಂತೆ "ಹುಶ್!" ಎನ್ನುತ್ತಿದ್ದರು.

ಅಮ್ಮನಿಗೆ ಆಪರೇಷನ್ ಆದಾಗ ನನ್ನ ನಿದ್ದೆ ಹಾರಿಹೋಗಿತ್ತು. ಆಸ್ಪತ್ರೆಯಲ್ಲಿದ್ದ ಅಣ್ಣ ಬಲವಂತವಾಗಿ ಮನೆಗೆ ಕಳಿಸಿದರೂ, ಅವನ ಫೋನ್ ಯಾವಾಗ ಬರುತ್ತದೋ ಎಂದು ಕಣ್ಣು ಮುಚ್ಚಲಾಗಲಿಲ್ಲ. ಆಂಟಿ ನನ್ನನ್ನು ತಾರಸಿಗೆ ಕರೆದೊಯ್ದು, ನೀರಿನ ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿ, ಫೋನ್ ಕಸಿದು ಮಡಿಲಲ್ಲಿಟ್ಟುಕೊಂಡರು.

"ಮಲ್ಕೊ. ನಾನು ಕಾಯ್ತೀನಿ."

ಬಿಸಿಲಿನ ವಾಸನೆಯ ದಿಂಬು, ಹಗ್ಗದ ಮೇಲೆ ಉಬ್ಬುವ ಸೀರೆ, ದೂರದ ಮೆಟ್ರೋ ಸದ್ದು, ಎಲ್ಲವೂ ನಿಧಾನಕ್ಕೆ ಕರಗಿ, ನಾನು ಸಂಡಿಗೆಯಂಥ ಬಿಳಿ ಮೋಡಗಳ ಮೇಲೆ ತೇಲಿಹೋದೆ.

ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. "ನಿಮ್ಮಣ್ಣ ಫೋನ್ ಮಾಡಿದ್ದ. ಅಮ್ಮ ಮಾತಾಡಿದ್ರಂತೆ" ಎಂದರು ಆಂಟಿ, ಇನ್ನೂ ಪಿಸುದನಿಯಲ್ಲೇ. ಅವರೆದುರಿನ ಪಂಚೆಯ ತುಂಬ ಕಾಗೆಗಳು. ಸಂಡಿಗೆ ಅರ್ಧಕ್ಕರ್ಧ ಖಾಲಿ.

"ಯಾಕೆ ಓಡಿಸ್ಲಿಲ್ಲ ಆಂಟಿ?"

"ಹುಶ್ ಅಂದಿದ್ರೆ ನೀನು ಎದ್ಬಿಡ್ತಿದ್ದೆ ಕಣೇ."