ಕಾಕಾನ ಹಾಡಿಗೆ ಎಷ್ಟು ಜಾಗ ಬೇಕು

ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದಾಗ ಅಂಗಡಿಯವನ ಮೇಜಿನ ಮೇಲೆ ಚಿಟಿಕೆ ಕುಂಕುಮ ಉದುರಿತು. ಇದೇನು ತಾಈ ಎಂದು ಮರಾಠಿಯಲ್ಲಿ ಕೇಳಿ ನಕ್ಕ. ನಾನೂ ನಕ್ಕೆ. ಒಂದು ಖಂಡೇನವಮಿಗೆ ನಮ್ಮ ಎದುರು ಮನೆಯ ಕಾಕಾ ಈ ಯಂತ್ರಕ್ಕೂ ಪೂಜೆ ಮಾಡಿದ್ದರು. ಬೇಡ ಬೇಡ ಎಂದು ನಾನು ಕೂಗುವಷ್ಟರಲ್ಲಿ ಕುಂಕುಮ ಹಚ್ಚಿಯಾಗಿತ್ತು...

ಕಾಕಾ ಕಲಬುರಗಿ ಕಡೆಯವರು. ಭೋಸರಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಯೆರವಡಾದ ನಮ್ಮ ಓಣಿಯಲ್ಲಿದ್ದರು. ಸೋಮವಾರದ ಭಜನೆಯಲ್ಲಿ ಅವರು ತತ್ವಪದ ಎತ್ತಿಕೊಂಡರೆ ಹೆಂಗಸರ ಗುಸುಗುಸು ಕೂಡ ನಿಲ್ಲುತ್ತಿತ್ತು. ಗುರುವಿನ ಬಾಯಿಂದ ಕೇಳಿ ಕಲಿತ ಪದಗಳು, ಎಲ್ಲೂ ಬರೆದಿಟ್ಟವಲ್ಲ. ವಯಸ್ಸಾಗಿ ಕಂಠ ಕೈಕೊಡತೊಡಗಿದಾಗ ಅವರಿಗೆ ದಿಗಿಲಾಯಿತು.

"ತಂಗಿ, ನಿನ್ನ ಪೆಟ್ಟಿಗ್ಯಾಗ ನನ್ನ ಹಾಡು ಕುಂದರ್ತಾವೇನು?"

"ಕುಂದರ್ತಾವ್ರಿ ಕಾಕಾ. ಭಾಳ ಜಾಗ ಅದ."

ಯಾವ ಗುಂಡಿ ಯಾವುದಕ್ಕೆ ಎಂದು ತಾವೇ ಕಲಿತರು. ಸಂಜೆ ನಾನು ಅಡುಗೆಮನೆಯಲ್ಲಿದ್ದರೆ ಅವರು ಹೊರಗೆ ಕೂತು ಹಾಡಿ, ತಾವೇ ಸೇವ್ ಮಾಡಿ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಫೋಲ್ಡರ್ ತೆರೆಯುವ ಧೈರ್ಯ ನನಗಾಗಲಿಲ್ಲ. ಮೊನ್ನೆ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನತೊಡಗಿದಾಗಲೇ ಎಚ್ಚರವಾದದ್ದು. ಪುಣ್ಯಕ್ಕೆ ಒಳಗಿದ್ದದ್ದನ್ನು ಇನ್ನೂ ನಕಲು ಮಾಡಬಹುದಿತ್ತು.

ಹೊಸ ಡಿಸ್ಕ್ ಯಾವುದು ಎಂಬಲ್ಲಿಗೆ ನನ್ನ ತಲೆ ಕೆಟ್ಟುಹೋಯಿತು. ಎಸ್‌ಎಸ್‌ಡಿ ತಗೊಳ್ಳಿ, ಈಗಿನ ವೇಗದ ಡಿಸ್ಕ್, ಹಳೆ ಲ್ಯಾಪ್‌ಟಾಪೂ ಓಡುತ್ತದೆ ಎಂದ ಅಂಗಡಿಯವ. ಆದರೆ ಅವನಲ್ಲಿದ್ದ ಎಸ್‌ಎಸ್‌ಡಿ ಚಿಕ್ಕದು, ಎಲ್ಲವೂ ಹಿಡಿಯುವುದಿಲ್ಲ. ಚೂಯಿಂಗ್ ಗಮ್ ಪಟ್ಟಿಯಂಥ ಇನ್ನೊಂದಿತ್ತು, ಅದಕ್ಕೆ ನನ್ನದರಲ್ಲಿ ಗೂಡೇ ಇಲ್ಲ. ತಿರುಗುವ ಹಳೇ ನಮೂನೆಯದು ನಿಧಾನ, ಬಿದ್ದರೆ ಕೆಡುತ್ತದೆ, ಆದರೆ ಬೇಕಾದಷ್ಟು ಜಾಗ. ಒಂದನ್ನು ಎತ್ತಿದೆ, ಇಟ್ಟೆ, ಮತ್ತೆ ಮೊದಲಿನದನ್ನೇ ಎತ್ತಿದೆ. ಅಂಗಡಿಯವ ಪಾಪ, ಎರಡು ಸಲ ಚಹಾ ತರಿಸಿದ. ಕಾಕಾನ ಒಂದು ಹಾಡೂ ಬಿಟ್ಟುಹೋಗಬಾರದು ಎಂದು ಕೊನೆಗೆ ದೊಡ್ಡದನ್ನೇ ಹಾಕಿಸಿ, ಹಳೆಯದನ್ನೆಲ್ಲ ಇದ್ದ ಹಾಗೇ ಅದಕ್ಕೆ ಇಳಿಸಿಕೊಂಡೆ.

ಮನೆಗೆ ಬಂದು ಫೋಲ್ಡರ್ ತೆರೆದರೆ ಒಳಗೆ ಒಂದೇ ಒಂದು ಹಾಡು. ಹೆಸರು 'ಶ್ರೀ'.

ನಕಲು ಮಾಡುವಾಗ ತಪ್ಪಿತೇ? ಬೇರೆ ಡಿಸ್ಕ್ ತಗೊಳ್ಳಬೇಕಿತ್ತೇ? ಹಳೆ ಡಿಸ್ಕ್ ಇನ್ನೂ ಅಂಗಡಿಯಲ್ಲೇ ಇತ್ತು, ಫೋನ್ ಮಾಡಿದೆ. ಹಳೆಯದರಲ್ಲೂ ಅಷ್ಟೇ ಇದೆ ತಾಈ ಎಂದ. ಫೋನ್ ಇಟ್ಟು ಆ ಹೆಸರನ್ನೇ ಮತ್ತೆ ಓದಿದೆ. ಆಗ ನೆನಪಾಯಿತು, ಮೇಲೆ ಶ್ರೀ ಬರೆಯದೆ ಕಿರಾಣಿ ಚೀಟಿಯನ್ನೂ ಶುರು ಮಾಡದ ಮನುಷ್ಯ ಅವರು. ಹಾಡಿಗೆ ಹೆಸರು ಕೇಳಿದಾಗಲೆಲ್ಲ ಶ್ರೀ ಎಂದೇ ಬರೆದಿದ್ದಾರೆ. ಆ ಹೆಸರಿನದು ಆಗಲೇ ಇದೆ, ಅದನ್ನು ತೆಗೆದು ಇದನ್ನು ಇಡಲೇ ಎಂದು ಯಂತ್ರ ಪ್ರತಿ ಸಲವೂ ಇಂಗ್ಲಿಷಿನಲ್ಲಿ ಕೇಳಿರಬೇಕು. ಒಮ್ಮೆ ಅವರು ಹೇಳಿದ್ದರು ಕೂಡ... "ಅದೇನೋ ಕೇಳ್ತದ ತಂಗಿ, ನಾ ಹೌದು ಅಂತ ಒತ್ತತೀನಿ. ದೇವರ ಕೆಲಸದಾಗ ಇಲ್ಲ ಅನಬಾರದು." ಮನೆಯಲ್ಲಿ ಅಕ್ಕಿ ತೀರಿದರೂ ತುಂಬ್ಯದ ಎನ್ನುವವರು, ಇಲ್ಲ ಎಂದು ಹೇಗೆ ಒತ್ತಿಯಾರು?

ಉಳಿದದ್ದು ಅವರು ಕೊನೆಗೆ ಹಾಡಿದ್ದು. ದನಿ ಒಡೆದಿದೆ, ಎರಡನೆಯ ನುಡಿಗೆ ಕೆಮ್ಮು ಬಂದು ನಿಂತುಬಿಡುತ್ತದೆ. ಒಳ್ಳೆಯ ಕಂಠದಲ್ಲಿ ಹಾಡಿದವು ಒಂದೂ ಇಲ್ಲ.

ಭಜನೆಯವರು ನಿನ್ನೆಯೂ ಕೇಳಿದರು, ಕಾಕಾನ ಪದ ಯಾವಾಗ ಕೇಳಸ್ತೀರಿ ಅಂತ. ಒಂದಾದರೂ ಯಾರಿಗಾದರೂ ಬರುತ್ತದೇನೋ ಎಂದು ಎಲ್ಲರನ್ನೂ ವಿಚಾರಿಸಿದೆ. ಪೆಟ್ಟಿಗೆಯಲ್ಲಿ ಅದಾವಲ್ಲ ಎಂದು ಯಾರೂ ಕಲಿತಿರಲಿಲ್ಲ.