ಸುರಂಗದೊಳಗೆ ಕೂಡಿದ ಬೆಳಕು

ನಾನು ನಾಲ್ಕನೇ ಇಯತ್ತೆಯವರೆಗೆ ಸಾಲೆಗೆ ಹೋದವನು. ಆದರೂ ಆಕಾಶದ ಚುಕ್ಕಿಯ ಬೆಳಕನ್ನು ಹೇಗೆ ಕೂಡಿಸುತ್ತಾರೆ ಎಂಬುದನ್ನು ನಿಮಗೆ ಹೇಳಬಲ್ಲೆ. ನನ್ನ ಮೊಮ್ಮಗಳು ಅದನ್ನು ಫೋನಿನಲ್ಲಿ ಹೇಳಿದಳು, ನಾನು ಬೀದರಿನ ಸುರಂಗ ಬಾವಿಯ ಬಾಯಿಯಲ್ಲಿ ಒಬ್ಬನೇ ಕೂತು ಕೇಳಿದೆ. ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಇನ್ನು ಕೇಳುವವರು ಸಿಗದೆ ಬರೆಯುತ್ತಿದ್ದೇನೆ.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷವೋ ಮೂರನೆಯದೋ. ಔರಾದ ಕಡೆಯ ನಮ್ಮ ಊರಲ್ಲಿ ತೊಗರಿ ಹೂವಿಗೆ ಬರುವ ಮೊದಲೇ ಒಣಗಿ ನಿಂತಿತ್ತು. ಠಾಣಾ ಕುಶನೂರಿನಿಂದ ಹೊರಡುವ ಬಸ್ಸಿಗೆ ಜನ ಹಾಸಿಗೆ ಸುತ್ತಿಕೊಂಡು ಹತ್ತುತ್ತಿದ್ದರು. ಹೈದರಾಬಾದಿಗೆ ಕೆಲವರು, ಪುಣೆಗೆ ಕೆಲವರು. ನನ್ನ ಹೆಂಡತಿ ತೀರಿಕೊಂಡು ಬಹಳ ದಿನವಾಗಿತ್ತು. ಓಣಿಯಲ್ಲಿ ಮಾತಾಡಿಸುವವರೂ ಹೋದ ಮೇಲೆ ನಾನೂ ಬಾಗಿಲಿಗೆ ಬೀಗ ಹಾಕಿ ಬೀದರಿಗೆ ಬಂದೆ.

ಅಲ್ಲಿ ಹಳೆಯ ಸುರಂಗ ಬಾವಿಯ ಹೂಳು ತೆಗೆಯುವ ಕೆಲಸ ನಡೆದಿತ್ತು. ಬಾದಶಹರ ಕಾಲದಲ್ಲಿ ನೆಲದೊಳಗೆ ಕೆಂಪು ಕಲ್ಲನ್ನು ಕೊರೆದು ಮಾಡಿದ ಉದ್ದನೆಯ ನೀರಿನ ದಾರಿ ಅದು. ಅಲ್ಲಲ್ಲಿ ಮೇಲಿನಿಂದ ಬಾವಿಯ ಹಾಗೆ ಬಾಯಿ ಬಿಟ್ಟಿದ್ದಾರೆ. ಒಳಗೆ ಕತ್ತಲೆ, ಕಾಲಡಿ ರಾಡಿ. ಒದ್ದೆಯಲ್ಲಿ ಕರೆಂಟಿನ ವೈರು ಬಿಡುವುದು ಬೇಡ ಎಂದು ಬಿಸಿಲನ್ನೇ ಒಳಗೆ ಕಳಿಸುತ್ತಿದ್ದರು. ಬಾಯಿಯ ದಂಡೆಗೆ ಒಂದು ದೊಡ್ಡ ಕನ್ನಡಿ, ತಳದಲ್ಲಿ ಓರೆಯಾಗಿ ಇನ್ನೊಂದು. ಮೇಲಿನ ಕನ್ನಡಿ ಬಿಸಿಲನ್ನು ಕೆಳಗೆ ಹೊಡೆದರೆ ಕೆಳಗಿನದು ಅದನ್ನು ಸುರಂಗದೊಳಗೆ ತಿರುಗಿಸುತ್ತದೆ. ಸೂರ್ಯ ಸರಿದ ಹಾಗೆ ಮೇಲಿನ ಕನ್ನಡಿಯನ್ನು ಸರಿಸುತ್ತಿರಬೇಕು. ಬುಟ್ಟಿ ಎತ್ತಲು ನನ್ನ ಬೆನ್ನು ಆಗುವುದಿಲ್ಲವೆಂದು ಈ ಕೆಲಸ ನನಗೆ ಕೊಟ್ಟರು.

ಕೆಳಗೆ ಹತ್ತು ಜನ ಹಾಡುತ್ತ, ಬೈದಾಡುತ್ತ ಹೂಳು ತುಂಬುತ್ತಿದ್ದರು. ಮೇಲೆ ನಾನು, ಕನ್ನಡಿ, ಬಿಸಿಲು. ಅವರ ನಗು ಬಾವಿಯೊಳಗಿಂದ ಕೇಳುತ್ತಿತ್ತು, ಯಾಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಕನ್ನಡಿ ಒಂದಿಷ್ಟು ತಪ್ಪಿದರೆ ಮಾತ್ರ ಮನ್ನಳ್ಳಿಯ ಒಬ್ಬ ಹೆಣ್ಣುಮಗಳು ಕೆಳಗಿನಿಂದ ಕೂಗುತ್ತಿದ್ದಳು.

"ಕಾಕಾ, ಮ್ಯಾಲ ಸೂರ್ಯ ಮುಳುಗ್ಯಾನೇನ್ರಿ?"

"ಇಲ್ಲವಾ, ಕಣ್ಣು ಹತ್ತಿತ್ತು."

"ನಮಗೂ ಹತ್ತದ್ರಿ. ಕತ್ತಲ್ಯಾಗ ಚಲೋ ನಿದ್ದಿ ಬರ್ತದ."

ಹಗಲೆಲ್ಲ ನನ್ನ ಪಾಲಿಗೆ ಬರುತ್ತಿದ್ದ ಮಾತು ಅಷ್ಟೇ.

ಮೊಮ್ಮಗಳು ನನ್ನ ಮಗಳ ಮಗಳು. ಮಗಳು ಭಾಲ್ಕಿಯಲ್ಲಿ ಹೊಲಿಗೆ ಮಾಡುತ್ತಾಳೆ, ಅಳಿಯ ಲಾರಿಯ ಮೇಲೆ ಊರೂರು ತಿರುಗುತ್ತಾನೆ. ಹುಡುಗಿ ಓದುತ್ತ ಓದುತ್ತ ಚಿಲಿ ಎಂಬ ದೇಶದ ಮರುಭೂಮಿಯ ಗುಡ್ಡಕ್ಕೆ ಹೋಗಿ ಮುಟ್ಟಿದ್ದಳು. ಅಲ್ಲಿ ಮನೆಯಷ್ಟು ದೊಡ್ಡ ದುರ್ಬೀನುಗಳು ನಾಲ್ಕು ಇವೆಯಂತೆ. ಅವಳಿಗೆ ರಾತ್ರಿಯಾದಾಗ ನನಗೆ ಹಗಲು. ಹೀಗಾಗಿ ಅವಳು ಚುಕ್ಕಿ ನೋಡುವ ಹೊತ್ತಿಗೆ ಸರಿಯಾಗಿ ನಾನು ಬಿಸಿಲು ಹಿಡಿದು ಕೂತಿರುತ್ತಿದ್ದೆ.

"ಅಲ್ಲಿ ಮಳಿ ಹ್ಯಾಂಗ ಅದ?" ಎಂದು ನಾನು ಮೊದಲ ದಿನವೇ ಕೇಳಿದೆ.

"ಇಲ್ಲಿ ಮಳಿನೇ ಆಗಂಗಿಲ್ಲ ಮುತ್ಯಾ. ಮೋಡ ಬರಂಗಿಲ್ಲಂತನೇ ಈ ಜಾಗಾ ಹುಡುಕಿ ಕಟ್ಟ್ಯಾರ."

"ಅದಕ್ಕ ಅಷ್ಟ ದೂರ ಯಾಕ ಹೋಗಬೇಕಿತ್ತು? ನಮ್ಮ ಔರಾದಕ್ಕ ಬಂದಿದ್ರ ಆಗ್ತಿತ್ತು."

ಅವಳು ನಕ್ಕ ನಗು ಕೇಳಿ ಆ ದಿನ ಊಟ ಮಾಡಿದ ಹಾಗಾಯಿತು.

ಅವಳಿಗೆ ಕೊಟ್ಟಿದ್ದು ನಾಲ್ಕೇ ರಾತ್ರಿ. ಆರಿಸಿಕೊಂಡಿದ್ದು ಬಹಳ ಮಸುಕಾದ ಚುಕ್ಕಿ. ಅಷ್ಟು ಕಡಿಮೆ ಬೆಳಕು ಕೂಡುವುದಿಲ್ಲ, ಬಿಡು ಎಂದು ಅಲ್ಲಿಯ ಹಿರಿಯರೇ ಅಂದಿದ್ದರಂತೆ. ನಾಲ್ಕು ರಾತ್ರಿಯಲ್ಲಿ ಬೆಳಕು ಕೂಡಿದರೆ ಅಲ್ಲೇ ಇನ್ನೆರಡು ವರ್ಷ ಕೆಲಸ. ಕೂಡದಿದ್ದರೆ ದೀಪಾವಳಿಯೊಳಗೆ ಭಾಲ್ಕಿಗೆ ವಾಪಸು.

"ಕೂಡೂದು ಅಂದ್ರ ಏನು, ನನಗ ತಿಳಿಯಂಗ ಹೇಳು," ಅಂದೆ.

"ಒಂದು ದುರ್ಬೀನದಾಗ ನೋಡಿದ್ರ ಆ ಚುಕ್ಕಿ ಬರೇ ಒಂದು ಬೊಟ್ಟು ಮುತ್ಯಾ. ದೂರ ದೂರ ಇರೋ ಎರಡು ದುರ್ಬೀನಿನ ಬೆಳಕು ಕೂಡಿಸಿದ್ರ, ಅವೆರಡರ ನಡುವ ಎಷ್ಟು ಅಂತರ ಅದ, ಅಷ್ಟು ಅಗಲದ ಒಂದೇ ಕಣ್ಣಿನಂಗ ಸಣ್ಣ ಸಣ್ಣದೂ ಬಾರೀಕ ಕಾಣ್ತದ. ಚುಕ್ಕಿ ಸುತ್ತ ಏನದ, ಅದೂ ತಿಳೀತದ. ಆದ್ರ ಎರಡೂ ಬೆಳಕು ಬರಾಬರ್ ಒಮ್ಮಿಗೇ ಬಂದು ಮುಟ್ಟಬೇಕು. ಒಂದು ಮುಂದ, ಒಂದು ಹಿಂದ ಆದ್ರ ಕೂಡಂಗಿಲ್ಲ."

"ಮುಂದ ಬಂದದ್ದು ನಿಂತು ಕಾಯ್ತದೇನು?"

"ಬೆಳಕು ಎಲ್ಲಿ ನಿಲ್ತದ. ಅದಕ್ಕ ಸುತ್ತು ಹಾಕಿಸ್ತೀವಿ. ನೆಲದಾಗ ಸುರಂಗ ಅದ, ಅದರಾಗ ಹಳಿ, ಹಳಿ ಮ್ಯಾಲ ಕನ್ನಡಿ ಇಟ್ಟ ಗಾಡಿ. ಗಾಡಿ ಹಿಂದಮುಂದ ಸರಿಸಿ ದಾರಿ ಸಮ ಮಾಡ್ತೀವಿ. ಕೂದಲಿನ ದಪ್ಪದಾಗ ನೂರನೇ ಪಾಲು ಹೆಚ್ಚುಕಮ್ಮಿ ಆದ್ರೂ ಆಗಂಗಿಲ್ಲ."

ಸುರಂಗ, ಕನ್ನಡಿ ಎಂದು ಕೇಳಿ ಎದ್ದು ನಿಂತೆ. ನನ್ನ ಮೊಮ್ಮಗಳು ನನ್ನದೇ ಕೆಲಸ ಮಾಡುತ್ತಿದ್ದಾಳೆ. ಅಕ್ಕಪಕ್ಕ ನೋಡಿದೆ. ಹೇಳೋಣವೆಂದರೆ ಒಂದು ಆಡು ಮಾತ್ರ ಇತ್ತು.

"ಕನ್ನಡಿ ದಿನಾ ಒರಸ್ತೀರಿಲ್ಲೊ?"

"ಕೈ ಹಚ್ಚಂಗಿಲ್ಲ ಮುತ್ಯಾ."

"ಮತ್ತ ಹ್ಯಾಂಗ ಕೂಡ್ತದ? ಮದಲ ಒರಸು."

ಮೊದಲ ರಾತ್ರಿ ಬೆಳಕು ಕೂಡಲಿಲ್ಲ. ಎರಡನೆಯ ದಿನ ಅಲ್ಲಿ ಗಾಳಿ ಜೋರಾಗಿ ದುರ್ಬೀನು ಮುಚ್ಚಿದರು. ಇಲ್ಲಿ ನನ್ನ ಕನ್ನಡಿಯೂ ಅದೇ ದಿನ ಕೆಟ್ಟಿತು. ಹಿಂದಿನ ಬಣ್ಣ ಕಿತ್ತು, ಕೆಳಗೆ ಗೋಡೆಯ ಮೇಲೆ ಬೆಳಕಿನ ನಡುವೆ ಕಪ್ಪು ಗೆರೆಗಳು ಬೀಳತೊಡಗಿದವು.

"ಕಾಕಾ, ಬರೇ ಕರೀ ಗೆರಿ ಬರ್ಲತ್ತಾವ್ರಿ," ಎಂದು ಮನ್ನಳ್ಳಿಯವಳು ಕೂಗಿದಳು. "ನಿಮ್ಮ ಕನ್ನಡಿ ಮುದುಕ ಆಗ್ಯಾದ. ಬ್ಯಾರೆ ತರ್ರಿ."

ಬೇರೆ ತಂದು ಹಚ್ಚಿದೆವು. ಮೂರನೆಯ ರಾತ್ರಿಯೂ ಅವಳ ಬೆಳಕು ಕೂಡಲಿಲ್ಲ. ಫೋನಿನಲ್ಲಿ ಅವಳ ದನಿ ಸಣ್ಣದಾಗಿತ್ತು. "ಇನ್ನೊಂದೇ ಉಳಿತು ಮುತ್ಯಾ," ಅಂದಳು. ಊಟ ಮಾಡಿದಿಯಾ ಎಂದು ಎರಡು ಸಲ ಕೇಳಿದೆ.

ನಾಲ್ಕನೆಯ ದಿನ ಮುಂಜಾನೆಯಿಂದ ಕನ್ನಡಿಗಿಂತ ಹೆಚ್ಚು ಫೋನನ್ನೇ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಚಿತ್ರ ಬಂತು. ಜೊತೆಗೆ ಒಂದು ಮಾತೂ ಇರಲಿಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದೆ. ಒಂದು ಬೆಳಕಿನ ತುಂಡು, ಅದರ ತುಂಬ ಸಾಲಾಗಿ ಕಪ್ಪು ಗೆರೆ.

ಅವಳ ಕನ್ನಡಿಯ ಬಣ್ಣವೂ ಕಿತ್ತಿದೆ, ಕೊನೆಯ ರಾತ್ರಿಯೂ ಹಾಳಾಯಿತು ಎಂದುಕೊಂಡೆ. ಫೋನಿನ ಗುಂಡಿ ಒತ್ತಿ ಹಿಡಿದು ದನಿ ಕಳಿಸಿದೆ. "ಕೆಟ್ಟರ ಕೆಡ್ಲಿ ಬಿಡು ನನ್ನವ್ವಾ. ಕನ್ನಡಿ ಬಣ್ಣ ಕಿತ್ತರ ಹಂಗೇ ಆಗ್ತದ, ನಿನ್ನ ತಪ್ಪಲ್ಲ. ಮನಿಗಿ ಬಾ. ದೀಪಾವಳಿಗಿ ಎಲ್ಲಾರೂ ಕೂಡಿ ಇರೂಣು."

ಒಂದು ಮಾತನ್ನು ಬಚ್ಚಿಡದೆ ಬರೆಯಬೇಕು. ಆ ದುಃಖದ ಒಳಗೆ ನನಗೆ ಸಂತೋಷವಾಗಿತ್ತು. ಹುಡುಗಿ ಬರುತ್ತಾಳೆ, ನಾನು ಬೀಗ ತೆಗೆಯುತ್ತೇನೆ, ಅಂಗಳ ಸಾರಿಸುತ್ತೇನೆ, ಅವಳು ಹೊಸ್ತಿಲಲ್ಲಿ ಕೂತು ಮಾತಾಡುತ್ತಾಳೆ. ಮಗುವಿನ ಕೆಲಸ ಕೆಟ್ಟದ್ದಕ್ಕೆ ಯಾವ ಹಿರಿಯ ಹೀಗೆ ಹಿಗ್ಗುತ್ತಾನೆ? ನನ್ನ ಮುಖ ಎದುರಿನ ಕನ್ನಡಿಯಲ್ಲಿ ಕಾಣದಿರಲೆಂದು ಆಚೆ ತಿರುಗಿ ಕೂತೆ.

ಅಷ್ಟರಲ್ಲಿ ಫೋನು ಬಡಿಯಿತು. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು.

"ಮುತ್ಯಾ, ಕೆಟ್ಟಿಲ್ಲ. ಆ ಗೆರೀನೇ ನಮಗ ಬೇಕಾಗಿದ್ದು."

"ಕರೀ ಗೆರಿ?"

"ಹೂಂ. ಹೊಂಡದಾಗ ಎರಡು ಕಲ್ಲು ಒಗದ್ರ ತೆರಿ ಬಂದು ಒಂದಕ್ಕೊಂದು ಮುಟ್ತಾವಲ್ಲ, ಹಂಗ. ಒಂದು ತೆರಿ ಏರಿಗಿ ಇನ್ನೊಂದರ ಏರು ಕೂಡಿದಲ್ಲಿ ಬೆಳಕು ಹೆಚ್ಚಾಗ್ತದ. ಏರಿಗಿ ಇಳಿತ ಕೂಡಿದಲ್ಲಿ ಕತ್ತಲಿ ಆಗ್ತದ. ಎರಡೂ ಖರೇನೇ ಕೂಡಿದಾಗಷ್ಟ ಈ ಗೆರಿ ಬರ್ತಾವ."

"ಬೆಳಕಿಗಿ ಬೆಳಕು ಕೂಡಿ ಕತ್ತಲಿ ಆಗ್ತದಂದ್ರ ನಮ್ಮೂರಾಗ ಯಾರ ನಂಬ್ತಾರ?"

"ನೀ ನಂಬು ಸಾಕು."

"ನೀ ಮನಿಗಿ ಬಾ ಅಂದದ್ದು ಕೇಳಿದೆ," ಅಂದಳು.

"ಅದು ಸುಮ್ಮ ಅಂದೆ. ತಲಿಗಿ ಹಚ್ಕೋಬ್ಯಾಡ."

"ಎರಡು ವರ್ಷ ಮುತ್ಯಾ. ಅವ್ವಗ ನೀನೇ ಹೋಗಿ ಹೇಳ್ತಿ? ನಾ ಫೋನಿನಾಗ ಹೇಳಿದ್ರ ಅಳ್ತಾಳ."

"ಹೇಳ್ತೇನಿ. ನೀ ಚುಕ್ಕಿ ಬಿಟ್ಟು ಬರಬ್ಯಾಡ."

ಫೋನು ಇಟ್ಟ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕನ್ನಡಿ ಎಲ್ಲೋ ತಿರುಗಿ ನಿಂತಿತ್ತು, ಕೆಳಗೆ ಹತ್ತೂ ಜನ ಕತ್ತಲಲ್ಲಿ ಬೊಬ್ಬೆ ಹೊಡೆಯುತ್ತಿದ್ದರು. ಬಾಯಿಗೆ ಬಗ್ಗಿ ನಾನೂ ಕೂಗಿದೆ. "ನನ್ನ ಮೊಮ್ಮಗಳ ಬೆಳಕು ಕೂಡ್ಯಾದ."

"ಲಗ್ನ ಗಟ್ಟಿ ಆತೇನ್ರಿ ಕಾಕಾ?" ಎಂದಳು ಮನ್ನಳ್ಳಿಯವಳು.

"ಅಲ್ಲವಾ, ಚುಕ್ಕಿದು."

"ಹಂಗಾರ ಜರಾ ನಮ್ಮ ಕಡಿಗೂ ಬಿಡ್ರಿ ಬೆಳಕು. ರಾಡ್ಯಾಗ ಬಿದ್ದೀವಿ."

ಆ ಸಂಜೆ ಭಾಲ್ಕಿಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದವನಿಗೆ ದುರ್ಬೀನು, ಸುರಂಗ, ಹಳಿ, ಗಾಡಿ ಎಲ್ಲ ಹೇಳಿದೆ. ಅವನು ಹೂಂ ಹೂಂ ಎನ್ನುತ್ತ ಮುಂದಿನ ಊರಲ್ಲಿ ಇಳಿದುಹೋದ. ಉಳಿದ ದಾರಿಯುದ್ದಕ್ಕೂ, ಬೆಳಕು ಕೂಡಿದ್ದನ್ನೋ ಎರಡು ವರ್ಷವನ್ನೋ, ಮಗಳಿಗೆ ಯಾವುದನ್ನು ಮೊದಲು ಹೇಳಬೇಕೆಂದು ಲೆಕ್ಕ ಹಾಕಿದೆ. ಎರಡೂ ಒಂದೇ ಸುದ್ದಿಯಾಗಿತ್ತು, ಬಿಡಿಸಲು ಬರಲಿಲ್ಲ.

ಮಗಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಚಕ್ರ ನಿಲ್ಲಿಸಿದಳು.

"ಬರ್ತಾಳಂತ, ಅಪ್ಪಾ?"

"ಬೆಳಕು ಕೂಡ್ಯಾದ."

"ನಾ ಕೇಳಿದ್ದು ಅದಲ್ಲ."

"ಎರಡು ವರ್ಷ ಆಗ್ತದಂತ."

ಅವಳು ಯಂತ್ರ ಬಿಟ್ಟು ಎದ್ದಳು. ಕತ್ತರಿಸಿದ ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದಳು. ನೆಲದ ಮೇಲೆ ಒಂದು ಚೂರೂ ಉಳಿಯದ ಮೇಲೆ ಬಂದು ನನ್ನ ಎದುರು ಕೂತಳು. ನಾನು ಫೋನು ತೆಗೆದು ಚಿತ್ರ ತೋರಿಸಿದೆ. ಕಪ್ಪು ಗೆರೆ ನೋಡಿ ಅವಳ ಮುಖವೂ ಬಾಡಿತು, ನನ್ನ ಹಾಗೆಯೇ. ಅದು ಕೆಟ್ಟದ್ದಲ್ಲ ಎಂದು ಎರಡೂ ಕೈ ಎತ್ತಿ ಒಂದು ಬೆಳಕು ಹೀಗೆ, ಇನ್ನೊಂದು ಹೀಗೆ, ನಡುವೆ ಸುರಂಗ ಎಂದು ನನಗೆ ತಿಳಿದಷ್ಟೂ ಹೇಳಿದೆ. ಹೊಂಡದ ತೆರೆಗಳನ್ನೂ ಹೇಳಿದೆ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಮದಲಿಂದ ಇನ್ನೊಮ್ಮಿ ಹೇಳಪ್ಪಾ. ಸಾವಕಾಶ ಹೇಳು," ಅಂದಳು.